ಗೇಣು, ಇಲ್ಲಾಂದ್ರೆ ಗಾವುದ

ಹಾಸಿಗೆ ಹಾಸುವ ವಿದ್ಯೆಯಲ್ಲಿ ಸೊಸೆಯನ್ನು ಮೀರಿಸುವವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಪಟ್ಟಣದ ದೊಡ್ಡ ಹೋಟೆಲಿನಲ್ಲಿ ಹನ್ನೊಂದು ವರ್ಷ, ದಿನಕ್ಕೆ ಹದಿನಾಲ್ಕು ಕೋಣೆಯಂತೆ, ತಳ್ಳುಗಾಡಿ ತಳ್ಳಿ ಬಲಮಂಡಿ ಸವೆಸಿಕೊಂಡು ಕಲಿತ ವಿದ್ಯೆ ಅದು. ಚಾದರವನ್ನು ಒಮ್ಮೆ ಕೊಡವಿದರೆ ನಡುಮಡಿಕೆ ಮಂಚದ ನಟ್ಟನಡುವೆ ಬಂದು ಬೀಳಬೇಕು. ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ ಹಾಸಿಗೆಯಡಿ ತುರುಕಬೇಕು. ಮೇಲೆ ಅಂಗೈ ಸವರಿದರೆ ಒಂದು ಸುಕ್ಕೂ ಸಿಗಬಾರದು. ಈ ವರ್ಷ ಬೇಸಿಗೆಗೆ ಮುಂಚೆ ಆಕೆ ಆ ಕೆಲಸ ಬಿಟ್ಟಳು. "ಬೇರೆಯವರ ಹೋಟೆಲಲ್ಲಿ ಹಾಸಿದ್ದು ಸಾಕು. ಇನ್ನು ನಮ್ಮನೇಲಿ ಹಾಸ್ತೀನಿ" ಎಂದಾಗ ಅಲ್ಲಿಯ ಮೇಲ್ವಿಚಾರಕಿ ನಕ್ಕು, "ಆರು ತಿಂಗಳು ನಿನ್ನ ಜಾಗ ಯಾರಿಗೂ ಕೊಡಲ್ಲ ಬಿಡು, ನಿನಗೇ ಬೇಕಾಗುತ್ತೆ" ಎಂದಿದ್ದಳು. ಸೊಸೆ ಚಪ್ಪಲಿ ಮೆಟ್ಟಿ ಹೊರಟು ಬಂದರೂ ಆ ನಗು ಮಾತ್ರ ಅವಳ ಜೊತೆಯಲ್ಲೇ ಬಸ್ಸು ಹತ್ತಿ ಬಂದಿತ್ತು.

ಅವರ ಜಮೀನಿನಲ್ಲಿ ಎರಡು ಮನೆ. ಗೇಟಿನ ಹತ್ತಿರದ್ದು ಮದುವೆಯ ವರ್ಷ ಕಟ್ಟಿಸಿದ್ದು. ಸೊಸೆ, ಹಾಲಿನ ವ್ಯಾನ್ ಓಡಿಸುವ ಅವಳ ಗಂಡ, ಎಲ್ಲರೂ ಗುಬ್ಬಿ ಎಂದೇ ಕರೆಯುವ ಹನ್ನೆರಡು ವರ್ಷದ ಮಗಳು ಅಲ್ಲಿದ್ದರು. ನಲವತ್ತು ಹೆಜ್ಜೆ ಆಚೆ, ಹಣ್ಣಿನ ಗಿಡಗಳ ನಡುವೆ ಹಳೆಯ ಮನೆ: ಒಂದು ಕೋಣೆ, ಒಂದು ಅಡುಗೆಮೂಲೆ, ಮುಂದೆ ತಗ್ಗು ಮಾಡಿನ ಜಗುಲಿ. ಅಲ್ಲಿ ಮಾವ ಇದ್ದರು. ಅತ್ತೆ ತೀರಿಕೊಂಡು ಆರು ವರ್ಷವಾಗಿದ್ದರೂ ಅವರು ಮಂಚದ ಗೋಡೆಬದಿಯ ಅರ್ಧದಲ್ಲಿ ಎಂದೂ ಮಲಗಿದವರಲ್ಲ. ಜಗುಲಿಯ ಪಕ್ಕದ ಗೋಡೆಗುಂಟ ಐದು ಜೇನುಪೆಟ್ಟಿಗೆ ಸಾಲಾಗಿದ್ದವು. ಇರುವೆ ಹತ್ತದಿರಲೆಂದು ಪೆಟ್ಟಿಗೆಯ ಕಾಲುಗಳೆಲ್ಲ ನೀರಿನ ಬಟ್ಟಲುಗಳಲ್ಲಿ ನಿಂತಿದ್ದವು. ಸುತ್ತಿನವರಿಗೆಲ್ಲ ಅವರು ಜೇನಜ್ಜ.

ಹಳೆಯ ಮನೆಯನ್ನು ವಾರದ ಕೊನೆಗೆ ಬರುವ ಪಟ್ಟಣದವರಿಗೆ ಬಾಡಿಗೆಗೆ ಕೊಡುವ ಮಾತನ್ನು ಹೇಗೆ ಎತ್ತುವುದೆಂದು ಸೊಸೆ ಒಂದು ವಾರ ತಲೆ ಕೆಡಿಸಿಕೊಂಡಿದ್ದಳು. ಮಾವ ಅರ್ಧ ಲೋಟ ಟೀ ಕುಡಿಯುವಷ್ಟರಲ್ಲಿ ಒಪ್ಪಿಬಿಟ್ಟರು.

"ಮನೆ ಅಂದ್ಮೇಲೆ ಜನ ಓಡಾಡ್ಬೇಕು ಕಣಮ್ಮ. ತಗೋ. ನನಗೇನು, ಒಂದು ಮಂಚ ಆದ್ರೆ ಸಾಕು."

ಮಂಚ ಹೊಸ ಮನೆಯ ಹಿಂದಿನ ಕೋಣೆಗೆ, ಈರುಳ್ಳಿ ಆಲೂಗಡ್ಡೆ ಹರಡುವ ಜಾಗಕ್ಕೆ ಬಂತು. ಹಳೆಯ ಮನೆಗೆ ಸುಣ್ಣ ಬಳಿದು, ಹೊಸ ಮಂಚ ಹಾಕಿದರು. ಗುಬ್ಬಿ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ "ತೋಟದ ಮನೆ. ಎರಡು ದಿನ ಆರಾಮ" ಎಂದು ಬರೆದಳು. ಮಾವ ಕಣ್ಣು ಕಿರಿದು ಮಾಡಿ, ಅಕ್ಷರ ಅಕ್ಷರ ಕೂಡಿಸಿ ಓದಿ, "ಯಾರಿಗೆ?" ಎಂದರು. ಆ ದಿನ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಂದವರ ಎರಡು ದಿನದ ಆರಾಮ ಎಂದರೆ ಮನೆಯವರ ಏಳು ದಿನದ ಬೆವರು. ಶುಕ್ರವಾರ ಚಾದರ, ಶನಿವಾರ ಬೆಳಿಗ್ಗೆ ಬಿಸಿನೀರು, ಮೊಟ್ಟೆ, ಬ್ರೆಡ್ಡು, ಮೂರು ಸಲ ಟೀ. "ಸಕ್ಕರೆ ಇಲ್ದೆ ಒಂದು, ಹಾಲಿಲ್ದೆ ಒಂದು" ಎಂದು ಗುಬ್ಬಿ ಓಡಿ ಬರುವುದು. ಗಂಡ ಬೆಳಗಿನ ಸುತ್ತು ಮುಗಿಸಿ ಬಂದವನು ಬಟ್ಟೆ ಬದಲಿಸದೆ ನೀರಿನ ಪಂಪಿನೆದುರು ಕುಕ್ಕರಗಾಲಲ್ಲಿ ಕೂರುವುದು. ಆದರೂ ಸೊಸೆ ಸಂತೋಷವಾಗಿದ್ದಳು. ಇದು ಅವಳದೇ ಕೆಲಸ, ಅವಳದೇ ಕೋಣೆ, ಮೇಲ್ವಿಚಾರಣೆಯೂ ಅವಳದೇ. ಬಂದು ಹೋದವರು ಫೋನಿನಲ್ಲಿ ಕೊಡುವ ನಕ್ಷತ್ರಗಳನ್ನು ರಾತ್ರಿಯೂಟಕ್ಕೆ ಮುಂಚೆ ಎಲ್ಲರಿಗೂ ಓದಿ ಹೇಳುತ್ತಿದ್ದಳು.

ತೊಂದರೆ ಶುರುವಾದದ್ದು ಮಾವನ ಕಾಲಿನಿಂದ.

ಮೂರನೆಯ ವಾರ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದಿದ್ದರು. ಮಧ್ಯಾಹ್ನ ತೋಟ ಸುತ್ತಿ ವಾಪಸಾದರೆ ಮಂಚದ ತುದಿಯಲ್ಲಿ ಒಬ್ಬ ಮುದುಕರು ಕೂತು ಅಂಗಿ ಬಿಚ್ಚುತ್ತಿದ್ದಾರೆ. ಇವರನ್ನು ನೋಡಿ ಬಹಳ ಮರ್ಯಾದೆಯಿಂದ, "ಬನ್ನಿ, ಬನ್ನಿ. ಯಾರು ಬೇಕಾಗಿತ್ತು?" ಎಂದು ಕೇಳಿದ್ದಾರೆ. ಆ ಮದುಮಕ್ಕಳು ನಕ್ಕು ಸುಮ್ಮನಾದರು. ಮಾವ ಸಂಜೆಯವರೆಗೂ ನಾಚಿಕೆಯಿಂದ ತಲೆ ಎತ್ತಲಿಲ್ಲ.

"ಮರೆವು ಅಲ್ಲ ಕಣಮ್ಮ" ಎಂದರು ಸೊಸೆಯ ಹತ್ತಿರ. "ಮನೆ ಕೊಟ್ಟಿದೀವಿ ಅಂತ ತಲೆಗೆ ಗೊತ್ತು. ಊಟ ಆದ್ಮೇಲೆ ಕಾಲು ತಾನೇ ಹೊರಟುಬಿಡುತ್ತೆ. ತಲೆಗೆ ಗೊತ್ತಾಗೋ ಹೊತ್ತಿಗೆ ಬಾಗಿಲಲ್ಲಿ ಇರ್ತೀನಿ."

"ಪರವಾಗಿಲ್ಲ ಮಾವ. ಅಭ್ಯಾಸ ಆಗುತ್ತೆ."

ಆಗಲಿಲ್ಲ. ಮುಂದಿನ ವಾರ ಬಂದವರ ಟವೆಲಿನಲ್ಲಿ ಮುಖ ಒರೆಸಿಕೊಂಡು ಬಂದರು. ಅದರ ಮುಂದಿನ ವಾರ ಒಬ್ಬ ಹೆಂಗಸು ಬೆಳಕು ಹರಿಯುವಾಗ ಕಣ್ಣು ಬಿಟ್ಟರೆ, ಮಾವ ಕೋಣೆಯ ಮೂಲೆಯಲ್ಲಿ ಬೆನ್ನು ಹಾಕಿ ನಿಂತು ಜೇನಿಗೆ ಹೊಗೆ ಹಾಕುವ ಡಬ್ಬಿ ಹುಡುಕುತ್ತಿದ್ದಾರೆ. ಆಕೆ ಕಿರುಚಿದ ಕಿರುಚಾಟಕ್ಕೆ ಸೊಸೆಯ ಗಂಡ ಹಲ್ಲುಜ್ಜುವ ಬ್ರಷ್ ಬಾಯಲ್ಲಿ ಇಟ್ಟುಕೊಂಡೇ ಓಡಿದ. ಕಿರುಚದೆ ಇನ್ನೇನು ಮಾಡಿಯಾಳು ಪಾಪ.

ಆ ರಾತ್ರಿ ಊಟಕ್ಕೆ ಕೂತಾಗ ಸೊಸೆ ಫೋನ್ ತೆಗೆದವಳು ಓದಲಿಲ್ಲ. ಗಂಡ ಕಿತ್ತುಕೊಂಡು ತಾನೇ ಓದಿದ.

"ಜಾಗ ಚೆನ್ನಾಗಿದೆ. ಹಾಸಿಗೆ ತುಂಬಾ ಚೊಕ್ಕಟ. ಆದರೆ ಗೋಡೆ ಪಕ್ಕ ಜೇನುಹುಳಗಳಿವೆ, ಮತ್ತು ಒಬ್ಬ ಮುದುಕ ಕೇಳದೆ ಕೋಣೆಯೊಳಗೆ ಬಂದು ಹೋಗುತ್ತಾನೆ. ಎರಡು ನಕ್ಷತ್ರ."

ಮಾವ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಿಂದ ಎರಡು ಮಾಡಿದರು, ನಾಲ್ಕು ಮಾಡಿದರು, ತಿನ್ನಲಿಲ್ಲ.

"ಅಪ್ಪ, ಚಿಲಕ ಇದೆ, ಪರದೆ ಇದೆ, ಬೋರ್ಡ್ ಇದೆ" ಎಂದ ಗಂಡ. "ಇನ್ನೇನು ಕಾಲಿಗೆ ಹಗ್ಗ ಕಟ್ಬೇಕಾ?"

"ಕಟ್ಟು. ನಾನೇನು ಬೇಡ ಅಂದ್ನಾ?"

"ನೀನು ಯಾವುದಕ್ಕೂ ಬೇಡ ಅನ್ನಲ್ಲ. ಅದೇ ಕಷ್ಟ. ಒಪ್ಕೋತೀಯಾ, ಮತ್ತೆ ಅಲ್ಲೇ ಹೋಗ್ತೀಯಾ."

"ಅಪ್ಪಾ, ಅಜ್ಜನ್ನ ಯಾಕೆ ಬೈತೀಯಾ?" ಎಂದಳು ಗುಬ್ಬಿ.

"ನಿನ್ನನ್ನ ಯಾರೂ ಕೇಳ್ಲಿಲ್ಲ. ಊಟ ಮಾಡು." ಗಂಡ ಹೆಂಡತಿಯ ಕಡೆ ತಿರುಗಿದ. "ತಂಗಿ ಕರೀತಾನೇ ಇದಾಳೆ. ಹೇಗೂ ಅಪ್ಪನ ಕಣ್ಣಿನ ಆಪರೇಷನ್ ಅಲ್ಲೇ ಪಟ್ಟಣದಲ್ಲಿ. ಅದು ಮುಗಿಸ್ಕೊಂಡು ಕೆಲವು ದಿನ ಅವಳ ಮನೇಲೇ ಇರ್ಲಿ. ಏನಂತೀಯಾ?"

ಸೊಸೆ ಏನೂ ಅನ್ನಲಿಲ್ಲ. ಅನ್ನದೆ ಇರುವುದೂ ಒಂದು ಉತ್ತರವೇ ಎಂದು ಅವಳಿಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಮೇಲ್ವಿಚಾರಕಿ ಹೇಳಿದ ಆರು ತಿಂಗಳಲ್ಲಿ ಮೂರು ಆಗಲೇ ಕಳೆದಿತ್ತು. ತಿರುಗಿ ಆ ತಳ್ಳುಗಾಡಿ ಹಿಡಿಯುವುದನ್ನು ನೆನೆದರೇ ಮಂಡಿ ಚುಳ್ ಎನ್ನುತ್ತಿತ್ತು.

ಮುಂದಿನ ಮಂಗಳವಾರ ನಾದಿನಿ ಬಂದು ಮಾವನನ್ನು ಕರೆದುಕೊಂಡು ಹೋದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಅವಳ ಮಾತೆಲ್ಲ ಚೀಟಿ ಬರೆದ ಹಾಗೆ. "ಬುಧವಾರ ಆಪರೇಷನ್. ಬಗ್ಗೋ ಹಾಗಿಲ್ಲ. ಹೊಗೆ ಧೂಳು ಆಗಲ್ಲ. ದಿನಕ್ಕೆ ನಾಲ್ಕು ಸಲ ಹನಿ. ಅತ್ತಿಗೆ, ನೀವು ಚಿಂತೆ ಮಾಡ್ಬೇಡಿ." ಮಾವ ವ್ಯಾನ್ ಹತ್ತುವ ಮುಂಚೆ ಪೆಟ್ಟಿಗೆಗಳ ಹತ್ತಿರ ಹೋಗಿ ಒಂದೊಂದಕ್ಕೂ ಕಿವಿ ಕೊಟ್ಟು ಕೇಳಿ ಬಂದರು. "ಬಟ್ಟಲಿಗೆ ನೀರು ಹಾಕ್ತಿರು" ಎಂದು ಗುಬ್ಬಿಗೆ ಹೇಳಿದರು. 

ಆ ವಾರದ ಕೊನೆಗೆ ರಜೆ ಸೇರಿಕೊಂಡು ಮೂರು ದಿನ ಬಿಡುವು. ಬ್ಯಾಂಕಿನ ಮ್ಯಾನೇಜರೊಬ್ಬರು ಹೆಂಡತಿ ಮಕ್ಕಳೊಡನೆ ಬರುವವರಿದ್ದರು. ಆಕೆ ಫೋನಿನಲ್ಲಿ ಎರಡೆರಡು ಸಲ ಕೇಳಿದ್ದಳು: "ಜೇನುಹುಳ ಇದೆಯಂತಲ್ಲ? ಮಕ್ಕಳಿದಾರೆ." ಸೊಸೆ "ತೆಗೆಸ್ತೀವಿ ಮೇಡಂ" ಎಂದುಬಿಟ್ಟಳು.

ಬಾಯಿಂದ ಬಿದ್ದ ಮೇಲೆ ಮಾಡಲೇಬೇಕಲ್ಲ. ಶುಕ್ರವಾರ ಹೊತ್ತು ಮುಳುಗುವಾಗ ಹುಳಗಳೆಲ್ಲ ಒಳಗೆ ಸೇರಿದ್ದನ್ನು ನೋಡಿ, ಗಂಡ ಪೆಟ್ಟಿಗೆಗಳ ಬಾಯಿಗೆ ಒದ್ದೆ ಹುಲ್ಲು ತುರುಕಿದ. ಚಿಕ್ಕವನಿದ್ದಾಗ ಕಣ್ಣಿನ ರೆಪ್ಪೆಗೆ ಕಚ್ಚಿಸಿಕೊಂಡ ಮೇಲೆ ಅವನು ಜೇನಿನ ತಂಟೆಗೆ ಹೋದವನಲ್ಲ. ಸೊಸೆಯೋ, ಹನ್ನೊಂದು ವರ್ಷ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆಯ ಕೊನೆಯ ಬಸ್ಸಿಗೆ ಬಂದವಳು, ಹಗಲಿನಲ್ಲಿ ಆ ಹುಳಗಳನ್ನು ನೋಡಿದ್ದೇ ಅಪರೂಪ. ಕುರುಡನ ಕೈಯನ್ನು ಕುರುಡ ಹಿಡಿದ ಹಾಗಾಯಿತು.

"ಎಲ್ಲಿಗೆ ಒಯ್ತೀರಾ?" ಗುಬ್ಬಿ ಅಡ್ಡ ನಿಂತಳು.

"ನಮ್ಮನೆ ಹಿಂದಿನ ಶೆಡ್ಡಿನ ಪಕ್ಕಕ್ಕೆ. ಇಲ್ಲೇ ನಲವತ್ತು ಹೆಜ್ಜೆ."

"ಹಾಗೆಲ್ಲ ಒಯ್ಯೋ ಹಾಗಿಲ್ಲ. ಸರಿಸಿದ್ರೆ ಗೇಣು, ಇಲ್ಲಾಂದ್ರೆ ಗಾವುದ. ಅಜ್ಜ ಹೇಳ್ತಾರೆ."

"ಏನದು, ಶಿಶುಗೀತೆನಾ?" ಸೊಸೆಗೆ ರೇಗಿತು. "ಅಜ್ಜ ಹೇಳೋದನ್ನೆಲ್ಲ ಕೇಳ್ತಾ ಕೂತ್ರೆ ನಾಳೆ ಬರೋರು ಗೇಟಿಂದ್ಲೇ ತಿರುಗಿ ಹೋಗ್ತಾರೆ. ಸರಿ ಆಚೆ."

ಐದು ಪೆಟ್ಟಿಗೆಯೂ ಹೋದವು. ಗೋಡೆಯ ಪಕ್ಕದಲ್ಲಿ ನೀರಿನ ಬಟ್ಟಲುಗಳ ಗುಂಡು ಗುಂಡು ಗುರುತು ಉಳಿಯಿತು. ಸೊಸೆ ಅದನ್ನೂ ಗುಡಿಸಿದಳು.

ಶನಿವಾರ ಬೆಳಿಗ್ಗೆ ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಗಂಡ ಹುಲ್ಲು ತೆಗೆದ, ಹುಳಗಳು ಹೊಸ ಜಾಗದಿಂದ ಹಾರಿ ತೋಟಕ್ಕೆ ಹೋದವು. ಮ್ಯಾನೇಜರ ಕುಟುಂಬ ಒಂಬತ್ತಕ್ಕೆ ಬಂತು. ಆಕೆ ಹಾಸಿಗೆಯ ಮೇಲೆ ಅಂಗೈ ಸವರಿ, "ಅಬ್ಬ, ಎಷ್ಟು ಚೆಂದ" ಎಂದಳು. ಮಕ್ಕಳು ಜಗುಲಿಯಲ್ಲಿ ಬ್ರೆಡ್ಡು ಜಾಮು ತಿನ್ನಲು ಕೂತರು. ಸೊಸೆ ಅಡುಗೆಮನೆಗೆ ಬಂದು, ಈ ಬೇಸಿಗೆಯಲ್ಲಿ ಮೊದಲ ಸಲ, ಕೂತು ಟೀ ಕುಡಿದಳು.

ಫೋನು ಬಂದಾಗ ಹನ್ನೊಂದಾಗಿತ್ತು. ನಲವತ್ತು ಹೆಜ್ಜೆ ದೂರದಿಂದ ಫೋನು ಯಾಕೆ ಎಂದುಕೊಳ್ಳುತ್ತ ಎತ್ತಿದಳು.

"ಹೊರಗೆ ಬರೋ ಹಾಗಿಲ್ರೀ!" ಮ್ಯಾನೇಜರ ಹೆಂಡತಿ ಅಳುತ್ತಿದ್ದಳು. "ಗೋಡೆ ತುಂಬಾ... ಮಗಳ ಕಿವಿಗೆ ಕಚ್ಚಿದೆ. ಕಿಟಕಿ ಬಾಗಿಲು ಎಲ್ಲಾ ಹಾಕ್ಕೊಂಡಿದೀವಿ. ತೆಗೆಸಿದೀವಿ ಅಂದ್ರಲ್ರೀ!"

ಸೊಸೆ ಓಡಿದಳು. ಜಗುಲಿಯ ಗೋಡೆ ಕಪ್ಪಾಗಿತ್ತು. ಕುರ್ಚಿಯ ಮೇಲೆ, ಜಾಮಿನ ಬಾಟಲಿಯ ಮೇಲೆ, ಬಾಗಿಲ ಪರದೆಯ ಮೇಲೆ, ಎಲ್ಲೆಲ್ಲೂ ಜೇನುಹುಳ. ಬೆಳಿಗ್ಗೆ ಹೋದವೆಲ್ಲ ಹೊಟ್ಟೆ ತುಂಬ ಹೂವಿನ ರಸ ಹೊತ್ತು ತಿರುಗಿ ಬಂದಿದ್ದವು. ಬಂದದ್ದು ಮಾತ್ರ ಶೆಡ್ಡಿನ ಪಕ್ಕಕ್ಕಲ್ಲ. ಪೆಟ್ಟಿಗೆ ಇಲ್ಲದ ಖಾಲಿ ಗೋಡೆಯ ಮುಂದೆ ಅವು ಸುತ್ತಿ ಸುತ್ತಿ ಹುಡುಕುತ್ತಿದ್ದವು. ಗಂಡ ನೀರಿನ ಪೈಪು ಹಿಡಿದು ನಾಲ್ಕು ಹೆಜ್ಜೆ ಹೋದವನು ಕತ್ತಿಗೆ ಎರಡು ಕಚ್ಚಿಸಿಕೊಂಡು ಹಿಂದೆ ಬಂದ.

"ನೀರು ಹಾಕ್ಬೇಡ ಅಪ್ಪಾ, ಇನ್ನೂ ಸಿಟ್ಟಾಗ್ತಾವೆ!" ಗುಬ್ಬಿ ಪೈಪು ಹಿಡಿದು ಜಗ್ಗಿದಳು. "ಅಜ್ಜನ್ನ ಕರ್ಸಿ. ಅಜ್ಜನ್ನ ಕರ್ಸಿ ಅಂದ್ರೆ!"

"ಆಪರೇಷನ್ ಆಗಿ ಮೂರು ದಿನ ಆಗಿಲ್ಲ ಕಣೇ..." ಎಂದ ಗಂಡ.

"ನೀವು ಹೋಗಿ ಕರ್ಕೊಂಡು ಬನ್ರೀ" ಎಂದಳು ಸೊಸೆ ಗಂಡನಿಗೆ. ಹೇಳುವಾಗ ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ, ಮಗಳ ಮುಖ ನೋಡಲಾಗಲಿಲ್ಲ.

ಮಾವ ಬರುವಾಗ ಹನ್ನೆರಡೂವರೆ. ಕಪ್ಪು ಕನ್ನಡಕ, ಒಳಗೊಂದು ಹತ್ತಿಯ ಪಟ್ಟಿ. ನಾದಿನಿ ಔಷಧಿ ಚೀಲ ಹಿಡಿದು ಹಿಂದೆಯೇ ಇಳಿದು, "ಅತ್ತಿಗೆ, ಇದು ನ್ಯಾಯಾನಾ? ಹೊಗೆ ಆಗಲ್ಲ ಅಂತ ಹೇಳಿದ್ದೆ" ಎಂದಳು. ನ್ಯಾಯವಂತೂ ಆಗಿರಲಿಲ್ಲ.

ಮಾವ ಜಗುಲಿಯಿಂದ ಹತ್ತು ಹೆಜ್ಜೆ ದೂರ ನಿಂತು ತಲೆ ಓರೆ ಮಾಡಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸಿಟ್ಟಿಲ್ಲ ಇವಕ್ಕೆ. ದಿಕ್ಕು ತಪ್ಪಿದೆ ಅಷ್ಟೆ. ಗುಬ್ಬೀ, ಅಟ್ಟದ ಮೇಲೆ ಖಾಲಿ ಪೆಟ್ಟಿಗೆ ಇದೆ, ಹಳೇ ಮೇಣದ ಎರಿ ಎರಡು ಇರೋದು. ಇಳಿಸು. ನಿಮ್ಮಮ್ಮ ಮುಖಪರದೆ ಹಾಕ್ಕೊಳ್ಳಲಿ."

"ನಾನಾ?" ಎಂದಳು ಸೊಸೆ.

"ನನಗೆ ಬಗ್ಗೋ ಹಾಗಿಲ್ಲವಂತೆ. ಅವನಿಗೆ ಭಯ. ಇವಳು ಮಗು. ಹಾಸಿಗೆ ಹಾಸೋ ಕೈ ನಿಂದು, ನಡುಗಲ್ಲ. ಹೋಗು. ಉಸಿರು ಮೆಲ್ಲಗೆ ಬಿಡು. ಹೊಡೀಬೇಡ, ಓಡಬೇಡ."

ಆಕೆ ಪೆಟ್ಟಿಗೆ ಎತ್ತಿಕೊಂಡು ನಡೆದಳು. ಪರದೆಯ ಮೇಲೆ ಹುಳಗಳು ಬಂದು ಕೂತವು, ಕೈಯ ಮೇಲೆ ಹರಿದವು. ಹಿಂದಿನಿಂದ ಮಾವನ ದನಿ ಕೇಳುತ್ತಿತ್ತು: "ಇನ್ನೂ ಎಡಕ್ಕೆ... ಗೋಡೆಗೆ ಒಂದು ಮೊಳ ಬಿಡು... ಹಾಂ, ಮೂರನೇದು ಇದ್ದದ್ದು ಅಲ್ಲೇ. ಇಳಿಸು." ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಅಂಗುಲ ತಪ್ಪದೆ ಹೇಳುತ್ತಿದ್ದರು. ಪೆಟ್ಟಿಗೆ ನೆಲ ಮುಟ್ಟಿದ್ದೇ ತಡ, ನಾಲ್ಕು ಹುಳ ಬಾಯಿಗೆ ಬಂದು ಮೂಸಿದವು, ಆಮೇಲೆ ಹತ್ತು, ಆಮೇಲೆ ಗೋಡೆಯ ಕಪ್ಪೆಲ್ಲ ಇಳಿದು ನೀರಿನ ಹಾಗೆ ಪೆಟ್ಟಿಗೆಯೊಳಕ್ಕೆ ಹರಿಯಿತು. ಒಂದು ಗಂಟೆಯಲ್ಲಿ ಜಗುಲಿ ಬೆಳ್ಳಗಾಯಿತು.

ಮ್ಯಾನೇಜರ ಕುಟುಂಬ ಬೆವರಿ ತೊಪ್ಪೆಯಾಗಿ ಹೊರಬಂತು. ಮಾವ ಆ ಹುಡುಗಿಯ ಕಿವಿಯಿಂದ ಮುಳ್ಳನ್ನು ಹಿಂಡದೆ, ಉಗುರಿನಿಂದ ಕೆರೆದು ತೆಗೆದರು. "ದೊಡ್ಡವಳಾದ್ಮೇಲೆ ಓಲೆ ಹಾಕ್ಕೋತೀಯಲ್ಲ, ಅದಕ್ಕೆ ಅಳತೆ ತಗೊಂಡಿದೆ" ಎಂದರು. ಹುಡುಗಿ ಅಳುತ್ತಲೇ ನಕ್ಕಳು. ಅವಳ ತಾಯಿ ನಗಲಿಲ್ಲ. ಎರಡು ಗಂಟೆಯೊಳಗೆ ಸಾಮಾನು ಕಾರಿಗೆ ತುಂಬಿ ಹೊರಟುಹೋದರು.

ಸಂಜೆ ಐದು ಪೆಟ್ಟಿಗೆಯೂ ಹಳೆಯ ಜಾಗಕ್ಕೆ ಬಂದವು. ಎಲ್ಲರೂ ಜಗುಲಿಯ ಮೆಟ್ಟಿಲ ಮೇಲೆ ಕೂತು, ಬಂದವರಿಗೆಂದು ಮಾಡಿದ ಊಟವನ್ನೇ ತಿಂದರು.

"ಹಾಗಾದ್ರೆ ಇವನ್ನ ಇಲ್ಲಿಂದ ಎತ್ತೋಕೆ ಆಗೋದೇ ಇಲ್ವಾ ಮಾವ?" ಕೇಳಿದಳು ಸೊಸೆ.

"ಆಗುತ್ತೆ. ದಿನಕ್ಕೆ ಒಂದು ಗೇಣು ಸರಿಸಿದ್ರೆ ಅವಕ್ಕೆ ಗೊತ್ತೇ ಆಗಲ್ಲ, ಜೊತೇಲೇ ಬರ್ತಾವೆ."

ಗುಬ್ಬಿ ಬೆರಳಲ್ಲಿ ಲೆಕ್ಕ ಹಾಕಿದಳು. "ನಲವತ್ತು ಹೆಜ್ಜೆಗೆ ನಾಲ್ಕು ತಿಂಗಳ ಮೇಲಾಗುತ್ತೆ."

"ನಾಲ್ಕು ತಿಂಗಳು ಯಾರಿಗಿದೆ?" ಎಂದ ಗಂಡ. "ಬೇರೆ ದಾರಿ ಇಲ್ವಾ?"

"ಇದೆ. ಒಂದೇ ಸಲ ಗಾವುದ ದೂರ ಒಯ್ಯೋದು. ಅಷ್ಟು ದೂರ ಆದ್ರೆ ತಿರುಗಿ ಬರೋ ದಾರಿ ತಿಳಿಯಲ್ಲ. ಹೊಸ ಜಾಗ ನೋಡ್ತಾವೆ, ಹಳೇದು ಮರೀತಾವೆ. ಮೂರು ವಾರ ಬಿಟ್ಟು ವಾಪಸ್ ತಂದು, ಶೆಡ್ಡಿನ ಪಕ್ಕ ಇಟ್ರೂ ಇರ್ತಾವೆ, ಎಲ್ಲಿಟ್ರೂ ಇರ್ತಾವೆ. ಈ ಎರಡರ ನಡುವೆ ಇಟ್ರೆ ಮಾತ್ರ ಕೆಡ್ತಾವೆ."

"ಸರಿ ಮತ್ತೆ. ಪಟ್ಟಣದಾಚೆ ನಮ್ಮ ಹಾಲಿನ ಡೈರಿಯವರ ಹಣ್ಣಿನ ತೋಟ ಇದೆ. ಸೋಮವಾರ ಬೆಳಗಿನ ಜಾವ ಒಯ್ದು ಇಡ್ತೀನಿ." ಗಂಡ ಒಂದು ಗುಟುಕು ನೀರು ಕುಡಿದ. "ನೀನೂ ಆಗ್ಲೇ ಹೊರಡು ಅಪ್ಪ. ತಂಗಿ ಮನೇಲಿ ಮೂರು ವಾರ ಇದ್ದು ಬಾ. ಕಣ್ಣೂ ಗುಣ ಆಗುತ್ತೆ."

ನಾದಿನಿ ತಲೆಯಾಡಿಸಿದಳು. ಗುಬ್ಬಿಯ ಕೈ ತಟ್ಟೆಯಲ್ಲೇ ನಿಂತಿತು. ಗಂಡ ಅದನ್ನು ಕಣ್ಣಿನ ಮಾತಾಗಿಯೇ ಹೇಳಿದ್ದ, ಬೇರೆ ಅರ್ಥ ಅವನಿಗೆ ಹೊಳೆದಿರಲಾರದು. ಮಾವನಿಗೆ ಹೊಳೆದಿತ್ತು. ಸೊಸೆಗೂ ಹೊಳೆದಿತ್ತು. ಕಪ್ಪು ಕನ್ನಡಕ ಅವಳ ಕಡೆ ತಿರುಗಿ ಸ್ವಲ್ಪ ಹೊತ್ತು ಹಾಗೇ ಇತ್ತು. ಒಂದು ಮಾತು, "ಬೇಡ ಮಾವ, ಇಲ್ಲೇ ಇರಿ" ಎನ್ನುವ ಒಂದು ಮಾತು, ಗಂಟಲವರೆಗೆ ಬಂದಿತ್ತು. ಆದರೆ ಅದರ ಜೊತೆಯಲ್ಲೇ ಮೇಲ್ವಿಚಾರಕಿಯ ನಗುವೂ ಬಂತು, ಮುಂದಿನ ಮೂರು ವಾರಕ್ಕೆ ಬರುವೆವೆಂದು ಹೇಳಿದವರೂ ನೆನಪಾದರು. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎದ್ದಳು.

"ಆಯ್ತು" ಎಂದರು ಮಾವ. "ಅದೇ ಸರಿ."

ಸೋಮವಾರ ನಸುಕಿನಲ್ಲಿ ಹಾಲಿನ ಕ್ಯಾನುಗಳಿಗೆ ಬದಲು ಐದು ಪೆಟ್ಟಿಗೆ, ಮುಂದಿನ ಸೀಟಿನಲ್ಲಿ ಮಾವ. ಪೆಟ್ಟಿಗೆಗಳ ಬಾಯಿಯೂ ಮುಚ್ಚಿತ್ತು, ಮಾವನ ಬಾಯಿಯೂ.

ಆ ಮೂರು ವಾರ ಮನೆ ಒಂದು ಹದಕ್ಕೆ ಬಂತು ಎಂದೇ ಹೇಳಬೇಕು. ಮ್ಯಾನೇಜರ ಹೆಂಡತಿ ಒಂದೇ ನಕ್ಷತ್ರ ಕೊಟ್ಟಿದ್ದಳು. ಆದರೆ ಆಮೇಲೆ ಬಂದ ಮೂರು ಕುಟುಂಬಗಳು ಐದೈದು ಕೊಟ್ಟವು. ಯಾರೂ ಕಿರುಚಲಿಲ್ಲ, ಯಾರ ಟವೆಲೂ ಒದ್ದೆಯಾಗಲಿಲ್ಲ. ಗುಬ್ಬಿ ಹೇಳಿದಷ್ಟು ಟೀ ಒಯ್ದು ಕೊಟ್ಟು ಬರುತ್ತಿದ್ದಳು, ನಗುತ್ತಿರಲಿಲ್ಲ. ಊಟಕ್ಕೆ ಕೂತಾಗ ನಾಲ್ಕನೆಯ ತಟ್ಟೆ ತಂದಿಟ್ಟು, "ಓ, ಮರೆತೆ" ಎಂದು ತಿರುಗಿ ಒಳಗಿಡುತ್ತಿದ್ದಳು. ಮೊದಲ ದಿನ ಮರೆತಿದ್ದು ನಿಜವಿರಬಹುದು. ಮೂರು ವಾರವೂ ಯಾರು ಮರೆಯುತ್ತಾರೆ? ಸೊಸೆ ಕಂಡೂ ಕಾಣದವಳಂತಿದ್ದಳು. ನಾದಿನಿಗೆ ಫೋನು ಮಾಡಿದರೆ ಒಂದೇ ಉತ್ತರ: "ಚೆನ್ನಾಗಿದಾರೆ ಅತ್ತಿಗೆ. ಹೇಳಿದ ಕಡೆ ಕೂತಿರ್ತಾರೆ. ಏನೂ ತೊಂದರೆ ಇಲ್ಲ."

ನಾಲ್ಕನೆಯ ಶುಕ್ರವಾರ ಬೆಳಿಗ್ಗೆ ವ್ಯಾನ್ ತಿರುಗಿ ಬಂತು. ಗಂಡ ಮೊದಲು ಪೆಟ್ಟಿಗೆಗಳನ್ನು ಶೆಡ್ಡಿನ ಪಕ್ಕ ಇಳಿಸಿ ಹುಲ್ಲು ತೆಗೆದ. ಹುಳಗಳು ಹೊರಬಂದು, ಪೆಟ್ಟಿಗೆಯ ಮುಂದೆ ನಾಲ್ಕು ಸುತ್ತು ಹಾಕಿ, ತೋಟಕ್ಕೆ ಹೋದವು. ಮಧ್ಯಾಹ್ನದ ಹೊತ್ತಿಗೆ ಒಂದೊಂದೂ ಅಲ್ಲಿಗೇ ತಿರುಗಿ ಬರುತ್ತಿದ್ದವು. ಹಳೆಯ ಜಗುಲಿಯ ಗೋಡೆಗೆ ಒಂದೂ ಹೋಗಲಿಲ್ಲ.

"ನೋಡಿದ್ಯಾ!" ಗಂಡ ಗೆದ್ದವನ ಹಾಗೆ ತೊಡೆ ತಟ್ಟಿದ.

ಮಾವ ಕನ್ನಡಕ ತೆಗೆದಿದ್ದರು, ಕಣ್ಣು ತಿಳಿಯಾಗಿತ್ತು, ಕ್ಷೌರ ಮಾಡಿಸಿಕೊಂಡಿದ್ದರು. ವ್ಯಾನಿನಿಂದ ಇಳಿದು ಚೀಲವನ್ನು ಎದೆಗೆ ಹಿಡಿದು ಅಂಗಳದಲ್ಲೇ ನಿಂತರು. ಗುಬ್ಬಿ ಬಂದು ಅವರ ತೋಳಿಗೆ ಜೋತುಬಿದ್ದಳು. ಅವಳ ತಲೆ ಸವರಿ, ಸೊಸೆಯ ಕಡೆ ನೋಡಿ, ಮೆಲ್ಲಗೆ ಕೇಳಿದರು.

"ಕೈ ತೊಳ್ಕೊಳ್ಳೋದು ಎಲ್ಲಿ ಅಮ್ಮಾ?"

ಪ್ರತಿ ಶನಿವಾರ ಗೇಟು ದಾಟಿ ಬಂದವರೆಲ್ಲ ಕೇಳುವ ಮಾತದು. ಸೊಸೆ ಎಷ್ಟೋ ಸಲ ಬೆರಳು ತೋರಿಸಿ ಉತ್ತರ ಕೊಟ್ಟವಳು. ಈಗ ಬೆರಳು ಏಳಲಿಲ್ಲ. "ನಿಮ್ಮನೆ ಮಾವ, ಎಲ್ಲಾದ್ರೂ ತೊಳ್ಕೊಳ್ಳಿ" ಎಂದಳು.

"ಹಾಗಲ್ಲ. ಹೇಳಿದ ಕಡೆ ತೊಳ್ಕೊಂಡ್ರೆ ಯಾರಿಗೂ ತೊಂದರೆ ಇರಲ್ಲ."

ಊಟವಾಯಿತು. ಮಾವ ತಟ್ಟೆ ತೊಳೆದಿಟ್ಟು, ಹಿಂದಿನ ಕೋಣೆಗೆ ಹೋಗಿ ಮಲಗಿದರು. ಸೊಸೆ ಅಡುಗೆಮನೆಯ ಕಿಟಕಿಯಲ್ಲಿ ಕಾದಳು. ಹಿಂದೆಲ್ಲ ಈ ಹೊತ್ತಿಗೆ ಆ ಕಾಲುಗಳು ಎಲ್ಲಿ ಹೊರಡುತ್ತವೋ ಎಂದು ಹೆದರಿ ಕಾಯುತ್ತಿದ್ದವಳು, ಇಂದು ಹೊರಡಲಿ ಎಂದು ಕಾದಳು. ಹೊರಡಲಿಲ್ಲ. ನಾಲ್ಕು ಗಂಟೆಗೆ ತಡೆಯಲಾರದೆ ತಾನೇ ಹೋಗಿ ಎಬ್ಬಿಸಿದಳು.

"ಬನ್ನಿ ಮಾವ. ಒಂದು ಸಲ ಆ ಮನೆ ನೋಡ್ಕೊಂಡು ಬರೋಣ."

ಕೈ ಹಿಡಿದು ನಡೆಸಿದಳು. ಮಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಾದಗಳನ್ನು ಕಾಲೊರೆಸಿಗೆ ಎರಡೆರಡು ಸಲ ಉಜ್ಜಿ ಒಳಗೆ ಬಂದರು. ಕೋಣೆಯ ನಡುವೆ ಕೈ ಕಟ್ಟಿ ನಿಂತು, "ಚೊಕ್ಕಟವಾಗಿ ಇಟ್ಕೊಂಡಿದೀಯಾ" ಎಂದರು.

"ಕೂತ್ಕೊಳ್ಳಿ."

"ಬೇಡಮ್ಮ. ಬರೋರಿಗೆ ಹಾಸಿದ್ದು. ಸುಕ್ಕಾಗುತ್ತೆ."

"ಆಗ್ಲಿ, ಮತ್ತೆ ಹಾಸ್ತೀನಿ. ಕೂತ್ಕೊಳ್ಳಿ ಮಾವ!" ಅವಳ ದನಿ ಏರಿತು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರಿನ ಹಾರ್ನ್ ಆಯಿತು. ಒಂದು ದಿನ ಮುಂಚೆಯೇ ಬರುವುದಾಗಿ ಹೇಳಿದ್ದ ವಯಸ್ಸಾದ ದಂಪತಿ. ಮಾವ ಸರ್ರನೆ ಬಾಗಿಲಿಗೆ ಹೋಗಿ ಬಗ್ಗಿ ಚಪ್ಪಲಿಯನ್ನು ಕೈಗೆತ್ತಿಕೊಂಡರು, ಸದ್ದಾಗದ ಹಾಗೆ ಹಿಂಬಾಗಿಲು ತೆರೆದು ಬರಿಗಾಲಲ್ಲಿ ಹೊರಟೇಹೋದರು. ನಲವತ್ತು ಹೆಜ್ಜೆಯಲ್ಲಿ ಒಮ್ಮೆಯೂ ಹಿಂದೆ ನೋಡಲಿಲ್ಲ. ಸೊಸೆ ಹಾಸಿಗೆಯತ್ತ ನೋಡಿದಳು. ಅದರ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಬಂದ ಹೆಂಗಸು ಕೋಣೆ, ಕಿಟಕಿ, ಬಚ್ಚಲು ಎಲ್ಲ ನೋಡಿ ಮೆಚ್ಚಿ, ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದಳು. "ಯಾರೋ ಬರೆದಿದ್ರು... ಇಲ್ಲಿ ಒಬ್ಬರು ಮುದುಕರು ಕೋಣೆಯೊಳಗೆ ಬಂದುಬಿಡ್ತಾರೆ ಅಂತ. ಈಗ್ಲೂ ಬರ್ತಾರಾ?"

"ಇಲ್ಲ" ಎಂದಳು ಸೊಸೆ. ಈ ಉತ್ತರ ಹೇಳುವ ದಿನಕ್ಕಾಗಿ ಅವಳು ಇಡೀ ಬೇಸಿಗೆ ಕಾದಿದ್ದಳು. "ಈಗ ಬರೋದಿಲ್ಲ."

"ಸದ್ಯ" ಎಂದಳು ಆಕೆ.

ಸೊಸೆ ಮನೆಗೆ ಬಂದಾಗ ಮಾವ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗುಬ್ಬಿಯ ಜೊತೆ ಬೀನ್ಸ್ ಬಿಡಿಸುತ್ತಿದ್ದರು. "ಬಂದ್ರಾ ಅವ್ರು? ಟೀ ಆಯ್ತಾ?" ಎಂದರು. ಸೊಸೆ ಅವರ ಕಾಲ ಬಳಿ ನೆಲದ ಮೇಲೆ ಕುಸಿದು, ಸೆರಗು ಬಾಯಿಗೊತ್ತಿ ಅತ್ತುಬಿಟ್ಟಳು. ಗುಬ್ಬಿ ಬೆದರಿ ನೋಡಿದಳು. ಅಮ್ಮ ಅತ್ತದ್ದನ್ನು ಅವಳು ಕಂಡಿರಲಿಲ್ಲ.

"ಸೋಮವಾರ ನಿಮ್ಮ ಮಂಚ ಅಲ್ಲಿಗೇ ವಾಪಸ್ ಹಾಕಿಸ್ತೀನಿ ಮಾವ. ಬರೋರು ಬೇಡ, ಏನೂ ಬೇಡ. ನಾನು ಹೋಟೆಲಿಗೇ ಹೋಗ್ತೀನಿ. ನೀವು ನಿಮ್ಮನೇಲಿ ಇರಿ."

ಮಾವ ಅವಳ ತಲೆಯ ಮೇಲೆ ಕೈ ಇಡಲು ಹೋಗಿ, ಕೈಯಲ್ಲಿ ಬೀನ್ಸಿನ ನಾರು ಅಂಟಿದ್ದು ನೋಡಿ, ಮೊದಲು ಪಂಚೆಗೆ ಒರೆಸಿಕೊಂಡರು. ಸಿಟ್ಟಿರಲಿಲ್ಲ ಅವರಿಗೆ. ಪೆಟ್ಟಿಗೆಯ ವಿಷಯ ವಿವರಿಸುವಾಗ ಇರುತ್ತಿದ್ದ ಅದೇ ತಾಳ್ಮೆಯ ದನಿಯಲ್ಲಿ ಹೇಳಿದರು.

"ಬೇಡ ಕಣಮ್ಮ. ಈಗಷ್ಟೇ ಹೊಂದ್ಕೊಂಡಿದೆ. ಮತ್ತೆ ಮತ್ತೆ ಎತ್ತಿಟ್ರೆ ಉಳಿಯಲ್ಲ."

ಆಮೇಲೆ ಬೀನ್ಸಿನ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.